ಗಡದ ಮೇಲೆ ಅರಸನಿರಲಿಲ್ಲ

ಗುಡ್ಡದ ಮೇಲಿನ ಕೋಟೆಯೊಂದನ್ನು ನೋಡಹೋದ ನಮ್ಮ ಜನ, ಏದುಸಿರು ಬಿಡುತ್ತ ಕಡೆಯ ಏರನ್ನು ಮುಗಿಸಿ ಅಗಸಿಯ ಒಳಹೊಕ್ಕೊಡನೆ ಕೇಳುವ ಮೊದಲ ಪ್ರಶ್ನೆ ‘ಅರಮನೆ ಎಲ್ಲಿತ್ತು?’ ಎಂಬುದು. ಚಲಚ್ಚಿತ್ರಗಳೂ ಶಾಲೆಯ ಪಾಠಗಳೂ ಅಂಗಡಿಯವರು ಹಂಚುವ ಕ್ಯಾಲೆಂಡರುಗಳೂ ಸೇರಿ, ಕೋಟೆಯೆಂದರೆ ಸಿಂಹಾಸನ, ಸಿಂಹಾಸನವೆಂದರೆ ಅರಸ, ಅರಸನೆಂದರೆ ಚರಿತ್ರೆ ಎಂಬ ಭಾವನೆಯನ್ನು ನಮ್ಮ ಮನಸ್ಸಿನಲ್ಲಿ ಭದ್ರವಾಗಿ ನೆಲೆಗೊಳಿಸಿಬಿಟ್ಟಿರುವುದರಿಂದ, ಅಲ್ಲಿ ಕುಸಿದ ಗೋಡೆ, ಬಾಯ್ತೆರೆದ ಬುರುಜು, ಮೊಳಕಾಲುದ್ದ ಹುಲ್ಲು ಇವುಗಳನ್ನು ಬಿಟ್ಟು ಬೇರೇನೂ ಕಣ್ಣಿಗೆ ಬೀಳದಿದ್ದಾಗ, ‘ಇಲ್ಲೇನೂ ಇಲ್ಲ’ ಎಂದು ನಿರ್ಣಯಿಸಿ, ಮೊಬೈಲಿನಲ್ಲಿ ತಮ್ಮದೇ ಒಂದೆರಡು ಚಿತ್ರ ತೆಗೆದುಕೊಂಡು ಅವರು ಇಳಿದುಹೋಗುವುದು ಸಹಜವೇ ಸರಿ. ನನ್ನ ವಾದವಿಷ್ಟೆ: ನಮ್ಮ ಸೀಮೆಯ ಗಡಗಳ ಮೇಲೆ ಅರಸನನ್ನು ಹುಡುಕುವುದು ವ್ಯರ್ಥ. ಅವನು ಅಲ್ಲಿ ಇದ್ದುದೇ ಅಪೂರ್ವ. ಮಳೆಯಲ್ಲಿ ನೆನೆಯುತ್ತ, ಬಿಸಿಲಿನಲ್ಲಿ ಬೇಯುತ್ತ ವರುಷಾನುಗಟ್ಟಲೆ ಇದ್ದವರು ಬೇರೆಯವರು. ಅವರನ್ನು ಮರೆತು, ಅರಸರ ಹೆಸರು ಹಿಡಿದು ನಾವು ಈಗ ನಡೆಸುತ್ತಿರುವ ಜಗಳಗಳಿಂದಲೂ ಉತ್ಸವಗಳಿಂದಲೂ ಗಡಕ್ಕೆ ಪ್ರಯೋಜನವಿಲ್ಲ, ಚರಿತ್ರೆಗೂ ಇಲ್ಲ.

ಮೇಲವಂಕಿಯಂತಹ ಊರಿನವರಿಗೆ ಕೋಟೆಯೆಂಬುದು ದೂರದ ವಸ್ತು. ನಮ್ಮದು ಘಟಪ್ರಭೆಯ ನೀರುಂಡ ನೆಲ, ಕಬ್ಬು ಗೋವಿನಜೋಳಗಳ ಸೀಮೆ. ಇಲ್ಲಿ ಎತ್ತರವೆಂಬುದು ಅಪರೂಪ. ಆದರೂ ಎತ್ತರದ ಬೆಲೆ ಏನೆಂಬುದನ್ನು ನದೀತೀರದವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಹರಿದು, ಗೋಕಾಕದ ಪೇಟೆಯನ್ನೇ ಹೊಕ್ಕು, ತೀರದ ಹಳ್ಳಿಗಳ ಮನೆಮನೆಯನ್ನು ಖಾಲಿ ಮಾಡಿಸಿದಾಗ, ದನಕರುಗಳ ಹಗ್ಗ ಹಿಡಿದು ದಿಬ್ಬವೆಲ್ಲಿ ದಿನ್ನೆಯೆಲ್ಲಿ ಎಂದು ನಡೆದವರು, ಗುಡ್ಡವೇರಿ ನೆಲೆ ಮಾಡಿಕೊಂಡ ಮೊದಲ ಮನುಷ್ಯನ ಬುದ್ಧಿಯನ್ನೇ ತಮಗರಿಯದೆ ಅನುಸರಿಸಿದವರು. ರಾಜರು ಕೋಟೆ ಕಟ್ಟುವುದಕ್ಕೆ ಮೊದಲೇ ಎತ್ತರವು ಜನರಿಗೆ ಆಶ್ರಯವಾಗಿತ್ತು. ರಾಜರು ಬಂದು ಅದಕ್ಕೆ ಗೋಡೆ ಹಾಕಿ, ಅಗಸಿಗೆ ಕಾವಲಿಟ್ಟು, ಕಂದಾಯ ವಿಧಿಸಿದರು.

ನಮ್ಮಿಂದ ಗೋಕಾಕಕ್ಕೆ ಹೋಗಿ, ನದಿಯು ಮರಳುಗಲ್ಲಿನ ಬಂಡೆಯ ಅಂಚಿನಿಂದ 52 ಮೀಟರು ಕೆಳಕ್ಕೆ ಧುಮುಕುವ ಸ್ಥಳವನ್ನು ದಾಟಿ, ಹುಕ್ಕೇರಿಯ ಗುಮ್ಮಟಗಳನ್ನು ಕಂಡು, ಹಿರಣ್ಯಕೇಶಿಯ ದಡದ ಸಂಕೇಶ್ವರವನ್ನು ಮುಟ್ಟಿದರೆ, ಪುಣೆ–ಬೆಂಗಳೂರು ಹೆದ್ದಾರಿಗೆ ಸಮೀಪದಲ್ಲಿಯೇ ವಲ್ಲಭಗಡವಿದೆ. ತಪ್ಪಲಿನ ಊರು ಹರಗಾಪುರವಾದ್ದರಿಂದ ಸುತ್ತಲಿನವರಿಗೆ ಅದು ಹರಗಾಪುರ ಗಡ. ಹೆದ್ದಾರಿಯಲ್ಲಿ ಹಗಲಿರುಳು ಹರಿಯುವ ವಾಹನಗಳೊಳಗಿನ ಸಾವಿರಾರು ಜನರಲ್ಲಿ ಕತ್ತೆತ್ತಿ ಅದನ್ನು ನೋಡುವವರು ಎಷ್ಟು ಮಂದಿಯೊ ಕಾಣೆ. ನೋಡಿದರೂ ಅದೊಂದು ಬೋಳುಗುಡ್ಡವೆಂದೇ ಭಾವಿಸಿಯಾರು. ಗಡವು ದೊಡ್ಡದಲ್ಲ. ಚಿತ್ರದುರ್ಗದ ಏಳು ಸುತ್ತು ಇಲ್ಲಿಲ್ಲ, ಪನ್ಹಾಳದ ವಿಸ್ತಾರವಿಲ್ಲ. ಶಿವಾಜಿ ಮಹಾರಾಜರ ಹೆಸರಿನೊಡನೆ ಅದನ್ನು ಜೋಡಿಸಿ ಹೇಳುವ ವಾಡಿಕೆಯುಂಟು. ಅದು ಕೈ ಬದಲಿಸಿದ ಪರಿಯೋ ಈ ಸೀಮೆಯ ಎಲ್ಲ ಗಡಗಳಂತೆಯೇ ಗೋಜಲು.

ಈ ಗಡದ ಮೇಲೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಗೋಡೆಯಲ್ಲ, ಬುರುಜೂ ಅಲ್ಲ. ಬಂಡೆಯನ್ನೇ ಕಡಿದು ಆಳಕ್ಕೆ ಇಳಿಸಿದ ಬಾವಿ. ಬೆಟ್ಟದ ನೆತ್ತಿಯ ಮೇಲೆ, ಮದ್ದಿಟ್ಟು ಬಂಡೆ ಸಿಡಿಸುವ ಸೌಕರ್ಯವಿಲ್ಲದ ಕಾಲದಲ್ಲಿ, ಉಳಿ ಸುತ್ತಿಗೆಗಳಿಂದ ಇಷ್ಟು ಆಳವನ್ನು ತೋಡಿದವರು ಎಷ್ಟು ಜನ, ಎಷ್ಟು ಬೇಸಗೆಗಳನ್ನು ಅದರೊಳಗೆ ಕಳೆದರು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಬಂಡೆಯ ಮೈಮೇಲೆ ಅಂಗೈ ಆಡಿಸಿದರೆ, ಓರೆಯಾಗಿ ಒಂದರ ಕೆಳಗೊಂದು ಬಿದ್ದ ಉಳಿಯ ಏಟುಗಳು ಇನ್ನೂ ಬೆರಳಿಗೆ ತಾಕುತ್ತವೆ. ಕಲ್ಲುಕುಟಿಗನು ಬಲಗೈಯವನೊ ಎಡಗೈಯವನೊ ಎಂಬುದನ್ನು ಬಲ್ಲವರು ಆ ಓರೆಯಿಂದಲೇ ಹೇಳಿಯಾರು. ಅರಸರ ಕೈಬರಹ ನಮಗೆ ಸಿಕ್ಕುವುದು ಅಪರೂಪ. ಈ ಕೈಬರಹ ಮಾತ್ರ ಯಾರು ಬೇಕಾದರೂ ಮುಟ್ಟಿ ಓದುವಂತೆ ಅಲ್ಲಿಯೇ ಇದೆ. ಅದರ ಪಕ್ಕದಲ್ಲಿ ಇಂದಿನ ಕೈಬರಹವೂ ಇದೆಯೆನ್ನಿ. ಎಣ್ಣೆಬಣ್ಣದಲ್ಲಿ ಬರೆದ ಹುಡುಗ ಹುಡುಗಿಯರ ಹೆಸರುಗಳು, ನಡುವೆ ಬಾಣ ನೆಟ್ಟ ಹೃದಯ, ಕೆಳಗೆ ನೀರಿನ ಬಾಟಲಿಗಳೂ ಗುಟಕಾ ಪಾಕೀಟುಗಳೂ.

ಬಾವಿಯನ್ನು ಕುರಿತು ಇಷ್ಟು ಹೇಳುವುದಕ್ಕೆ ಕಾರಣವಿದೆ. ಕೊಲ್ಲಾಪುರದ ಸಂಸ್ಥಾನಕ್ಕೆ ಅಮಾತ್ಯನಾಗಿದ್ದ ರಾಮಚಂದ್ರಪಂತನು 18ನೆಯ ಶತಮಾನದ ಎರಡನೆಯ ದಶಕದಲ್ಲಿ ಬರೆದ ‘ಆಜ್ಞಾಪತ್ರ’ವೆಂಬ ರಾಜನೀತಿಗ್ರಂಥದಲ್ಲಿ ದುರ್ಗಗಳಿಗೆಂದೇ ಒಂದು ಪ್ರಕರಣವಿದೆ. ಗಡ ಕಟ್ಟುವವನು ಮೊದಲು ನೀರನ್ನು ನೋಡಬೇಕು. ನೀರಿಲ್ಲದ ಸ್ಥಳದಲ್ಲಿ ಕಟ್ಟಲೇಬೇಕಾಗಿ ಬಂದರೆ ಬಂಡೆ ಒಡೆದು ಹೊಂಡಗಳನ್ನು ಮಾಡಿಕೊಳ್ಳಬೇಕು. ಒಂದು ಸೆಲೆಯಿದೆಯೆಂದು ನೆಚ್ಚಿ ಕೂರಬಾರದು, ಏಕೆಂದರೆ ಯುದ್ಧಕಾಲದಲ್ಲಿ ತೋಪುಗಳ ಅದಿರಿಗೆ ಸೆಲೆ ಬತ್ತಿಹೋಗಬಹುದು. ಆದುದರಿಂದ ಆಪತ್ಕಾಲಕ್ಕೆಂದು ಬೇರೆಯಾಗಿ ನೀರು ಕೂಡಿಡಬೇಕು ಎಂಬುದು ಅವನ ಉಪದೇಶದ ತಾತ್ಪರ್ಯ. ಅಷ್ಟಕ್ಕೆ ನಿಲ್ಲದೆ, ಗಡದ ಮೇಲೆ ಕಸ ಬೀಳಬಾರದು, ಬಿದ್ದುದನ್ನು ಕೆಳಕ್ಕೆ ಎಸೆಯಲೂ ಬಾರದು, ಸುಟ್ಟು ಅದರ ಬೂದಿಯನ್ನು ಹಿತ್ತಲಿಗೆ ಹಾಕಿ ಕಾಯಿಪಲ್ಲೆ ಬೆಳೆದುಕೊಳ್ಳಬೇಕೆಂದೂ ಆತ ವಿಧಿಸುತ್ತಾನೆ. ರಾಜ್ಯವೊಂದರ ಅಮಾತ್ಯನಾದವನು ಕಸದ ಬೂದಿಯವರೆಗೆ ಇಳಿದು ಯೋಚಿಸಿದನೆಂಬುದೇ ಗಿರಿದುರ್ಗದ ಬಾಳು ಎಂತಹದಾಗಿತ್ತೆಂಬುದಕ್ಕೆ ಸಾಕ್ಷಿ. ಅಲ್ಲಿ ವೀರರಸಕ್ಕೆ ದೊರೆಯುತ್ತಿದ್ದ ಅವಕಾಶ ವರ್ಷಕ್ಕೊಂದು ದಿನವೊ ದಶಕಕ್ಕೊಂದು ದಿನವೊ. ಉಳಿದ ದಿನಗಳೆಲ್ಲ ನೀರಿನ, ಜೋಳದ, ಮದ್ದಿಗೆ ತೇವ ತಾಕದಂತೆ ನೋಡಿಕೊಳ್ಳುವ, ಬಾರದ ಸಂಬಳಕ್ಕಾಗಿ ಕಾಯುವ ದಿನಗಳು.

ಹಾಗಾದರೆ ಅರಸರೆಲ್ಲಿದ್ದರು? ಬಯಲಿನಲ್ಲಿದ್ದರು. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಈ ನಾಡನ್ನಾಳಿದ ರಟ್ಟರು ಸವದತ್ತಿಯಲ್ಲಿಯೂ ಅನಂತರ ವೇಣುಗ್ರಾಮವೆನಿಸಿದ್ದ ಬೆಳಗಾವಿಯಲ್ಲಿಯೂ ರಾಜಧಾನಿ ಮಾಡಿಕೊಂಡರು. ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಬಸದಿ ಇಂದಿಗೂ ಬೆಳಗಾವಿಯ ಕೋಟೆಯೊಳಗೆ ಕಮಲ ಬಸದಿಯೆಂಬ ಹೆಸರಿನಿಂದ ನಿಂತಿದೆ, ಆದರೆ ಆ ಕೋಟೆ ನೆಲಕೋಟೆ. ಆದಿಲಶಾಹಿಯ ಕಾಲದಲ್ಲಿ ಹುಕ್ಕೇರಿಯು ಪ್ರಬಲರಾದ ಸರದಾರರ ಠಾಣೆಯಾಯಿತು. ಎರಡನೆಯ ಇಬ್ರಾಹಿಮನ ತಮ್ಮ ಇಸ್ಮಾಯಿಲನನ್ನು ಬೆಳಗಾವಿಯ ಕೋಟೆಯಲ್ಲಿ ಸೆರೆಯಿಟ್ಟಿದ್ದಾಗ, ಅವನ ಪಕ್ಷ ವಹಿಸಿ ದಂಗೆಯೆದ್ದು ಪ್ರಾಣ ತೆತ್ತವನು ಹುಕ್ಕೇರಿಯ ಐನ್-ಉಲ್-ಮುಲ್ಕ್. ಗೋಕಾಕವು 1717ರಿಂದ 1754ರವರೆಗೆ ಸವಣೂರಿನ ನವಾಬರ ಕೈಯಲ್ಲಿತ್ತು; ಅಲ್ಲಿನ ಮಸೀದಿಯನ್ನೂ ಗಂಜೀಖಾನೆಯನ್ನೂ ಕಟ್ಟಿಸಿದವರು ಅವರೇ; ಬಳಿಕ ಮರಾಠರದಾಗಿ, ಗೋವಿಂದರಾವ ಪಟವರ್ಧನನು ತೀರಿಕೊಂಡ 1836ರಲ್ಲಿ ಕಂಪನಿ ಸರಕಾರಕ್ಕೆ ಸೇರಿತು. ಕಿತ್ತೂರಿನ ದೇಸಾಯರ ಕೋಟೆಯೂ ನಿಪ್ಪಾಣಿಯ ಸಿದ್ಧೋಜಿರಾವ ನಿಂಬಾಳಕರನ ವಾಡೆಯೂ ಬಯಲಿನವೇ. ಆಳುವವನಿಗೆ ಪೇಟೆ ಬೇಕು, ಸಾವುಕಾರರು ಬೇಕು, ನದಿಯ ನೀರು ಬೇಕು, ಬಂದುಹೋಗುವವರ ಮುಜುರೆ ಬೇಕು. ಇವು ಯಾವುವೂ ಗುಡ್ಡದ ನೆತ್ತಿಯ ಮೇಲೆ ದೊರೆಯವು. ಗಡವು ಅವನ ಪಾಲಿಗೆ ಖಜಾನೆ, ಉಗ್ರಾಣ, ಸೆರೆಮನೆ, ಮತ್ತು ಎಲ್ಲವೂ ಕೈಮೀರಿದಾಗ ಓಡಿಹೋಗಿ ಸೇರುವ ಕಡೆಯ ತಾಣ.

ಗಡದ ಮೇಲೆ ನಿಜವಾಗಿ ಇದ್ದವರು ಗಡಕರಿಗಳು. ಹವಾಲದಾರ, ಸಬನೀಸ, ಸರನೋಬತ ಎಂಬ ಅಧಿಕಾರಿಗಳು, ಒಬ್ಬನೇ ವಶವಾದರೆ ಗಡವೆಲ್ಲ ಶತ್ರುವಿನ ಪಾಲಾಗಬಾರದೆಂದು ಬೇರೆ ಬೇರೆ ಜಾತಿಗಳಿಂದ ಆರಿಸಲ್ಪಟ್ಟವರಾಗಿ, ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡು ಇರುತ್ತಿದ್ದರು. ಅವರ ಕೆಳಗೆ ತಲೆತಲಾಂತರದಿಂದ ಕಾವಲು ಮಾಡಿಕೊಂಡು ಬಂದ ಕುಟುಂಬಗಳು. ನಗದು ಸಂಬಳ ಅಲ್ಪ. ಗಡದ ತಪ್ಪಲಿನಲ್ಲಿ ಉಂಬಳಿಯಾಗಿ ಬಿಟ್ಟ ಹೊಲವೇ ಅವರ ಅನ್ನ. ಅಜ್ಜ ನಿಂತ ಬುರುಜಿನ ಮೇಲೆ ಮೊಮ್ಮಗ ನಿಲ್ಲುತ್ತಿದ್ದ, ಅಜ್ಜ ಉತ್ತ ಹೊಲವನ್ನೇ ಉಳುತ್ತಿದ್ದ. ಬಿಜಾಪುರದ ಬಾವುಟ ಇಳಿದು ಬೇರೊಂದು ಬಾವುಟ ಏರಿದಾಗಲೂ, ಹೊಸ ಒಡೆಯನು ವಿವೇಕಿಯಾಗಿದ್ದರೆ ಈ ಕುಟುಂಬಗಳನ್ನು ಕದಲಿಸುತ್ತಿರಲಿಲ್ಲ. ಮನುಸ್ಮೃತಿ ಆರು ಬಗೆಯ ದುರ್ಗಗಳನ್ನು ಎಣಿಸಿ ಗಿರಿದುರ್ಗವೇ ಎಲ್ಲಕ್ಕೂ ಶ್ರೇಷ್ಠವೆಂದು ಹೊಗಳಿರುವುದನ್ನು ಎಲ್ಲರೂ ಬಲ್ಲರು. ಆದರೆ ಅದೇ ಎಣಿಕೆಯಲ್ಲಿ ನೃದುರ್ಗವೂ ಇದೆ, ಮನುಷ್ಯರನ್ನೇ ಗೋಡೆಯಾಗಿ ಉಳ್ಳ ದುರ್ಗವೂ ಒಂದು ದುರ್ಗವೇ ಎಂಬುದನ್ನು ನೆನೆಯುವವರು ಕಡಿಮೆ. ನಮ್ಮ ಭಾಗದ ಗಡಗಳಲ್ಲಿ ಈ ಎರಡೂ ಒಂದರೊಳಗೊಂದು ಬೆರೆತಿದ್ದುವು.

ಇದು ಹೊಗಳಿಕೆಯ ಮಾತಲ್ಲವೆಂಬುದಕ್ಕೆ 1844ರ ಪ್ರಕರಣವೊಂದೇ ಸಾಕು. ಸಂಕೇಶ್ವರದಿಂದ ಗಡಹಿಂಗ್ಲಜದ ಕಡೆಗೆ ಹೋದರೆ ಸಾಮಾನಗಡವಿದೆ. ಮಹಾರಾಷ್ಟ್ರದ ಗಡಿಯ ಆಚೆಗಾದರೂ ವಲ್ಲಭಗಡಕ್ಕೆ ನೆರೆಯ ಗಡವೇ. ಕೊಲ್ಲಾಪುರದ ಅರಸನು ಅಪ್ರಾಪ್ತವಯಸ್ಕನಾಗಿದ್ದ ಆ ದಿನಗಳಲ್ಲಿ ಕಂಪನಿ ಸರಕಾರವು ದಾಜಿ ಕೃಷ್ಣ ಪಂಡಿತನೆಂಬ ಅಧಿಕಾರಿಯನ್ನು ಆಡಳಿತಕ್ಕೆ ನೇಮಿಸಿ, ಜಮಾಖರ್ಚನ್ನು ತಿದ್ದುವ ಕಾರ್ಯವನ್ನು ಆರಂಭಿಸಿತು. ತಿದ್ದುಪಡಿಗಳಲ್ಲಿ ಒಂದು, ಗಡಕರಿಗಳ ಉಂಬಳಿ ಹೊಲಗಳ ಮೇಲ್ವಿಚಾರಣೆಯನ್ನು ಗಡದ ಅಧಿಕಾರಿಗಳಿಂದ ತಪ್ಪಿಸಿ ಮಾಮಲೇದಾರರ ಕಚೇರಿಗೆ ವಹಿಸುವುದು. ಕಾಗದದ ಮೇಲೆ ಇದಕ್ಕಿಂತ ನಿರುಪದ್ರವಿಯಾದ ಸುಧಾರಣೆ ಬೇರೊಂದಿಲ್ಲ. ಆದರೆ ತಲೆಮಾರುಗಳಿಂದ ಗಡದ ಮೇಲೆಯೇ ಲೆಕ್ಕ ಒಪ್ಪಿಸಿ ಗಡದ ಮೇಲೆಯೇ ಬಾಳಿದವನಿಗೆ, ನಾಳೆಯಿಂದ ನಿನ್ನ ಹೊಲದ ಲೆಕ್ಕ ಬಯಲಿನ ಕಾರಕೂನನ ದಫ್ತರದಲ್ಲಿ ಎಂದು ಹೇಳಿದರೆ, ಅವನಿಗೆ ಅದು ಹೊಲ ಹೋಗುವ ಸೂಚನೆಯಾಗಿಯೇ ಕೇಳಿಸುವುದು. ಕೇಳಿಸಿದ್ದು ಸುಳ್ಳಾಗಿರಲೂ ಇಲ್ಲವೇನೊ. ಸಾಮಾನಗಡದ, ಭೂದರಗಡದ ಗಡಕರಿಗಳು ಅಗಸಿಗಳನ್ನು ಮುಚ್ಚಿಕೊಂಡರು. ಬೆಳಗಾವಿಯಿಂದ ಹೊರಟ ದಂಡು ಒಡನೆಯೇ ಗೆಲ್ಲಲಾರದೆ ಹೋಯಿತು. ದೊಡ್ಡ ತೋಪುಗಳು ಬಂದು, ಅಕ್ಟೋಬರಿನಲ್ಲಿ ಸಾಮಾನಗಡವು ಬಿತ್ತು. ಕಿಡಿಯು ಅಷ್ಟರಲ್ಲಿ ಕೊಲ್ಲಾಪುರಕ್ಕೂ ಸಾವಂತವಾಡಿಗೂ ಹಬ್ಬಿತ್ತು. ಕರ್ನಲ್ ಓವನ್ಸ್ ಎಂಬ ಅಧಿಕಾರಿಯನ್ನೇ ಹಿಡಿದು ಪನ್ಹಾಳದಲ್ಲಿ ಸೆರೆಯಿಟ್ಟರು. ಡಿಸೆಂಬರಿನಲ್ಲಿ ಪನ್ಹಾಳವೂ ಬಿದ್ದ ಮೇಲೆ, ಗಡಕರಿಗಳ ಪಡೆಗಳನ್ನು ಮುರಿದು, ಗಡಗಳನ್ನು ನಿರುಪಯುಕ್ತ ಮಾಡಿಸಲಾಯಿತು. ಇಂದು ನಾವು ಕಾಣುವ ಎಷ್ಟೋ ಕುಸಿದ ಗೋಡೆಗಳು ಕಾಲನ ಕೈಯಿಂದ ಕುಸಿದವಲ್ಲ, ಕಂಪನಿ ಸರಕಾರದ ಅಪ್ಪಣೆಯಿಂದ ಕುಸಿದವು.

ಕಿತ್ತೂರು ಸೀಮೆಯ ಕಥೆ ಬಲ್ಲವರಿಗೆ ಇದರ ಧಾಟಿ ಪರಿಚಿತವೇ. ಸಂಗೊಳ್ಳಿಯ ರಾಯಣ್ಣನು ಶೇತಸನದಿ, ಎಂದರೆ ಸೇವೆಗೆ ಪ್ರತಿಯಾಗಿ ಹೊಲ ಪಡೆದ ಕಾವಲುಗಾರ. ಆ ಹೊಲದ ಮೇಲೆ ಕಂಪನಿಯ ಕಂದಾಯದ ಕೈ ಬಿದ್ದುದು ಅವನ ಬಂಡಾಯದ ಕಾರಣಗಳಲ್ಲಿ ಒಂದು. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹದಿಮೂರು ವರ್ಷಗಳ ಅನಂತರ ಸಾಮಾನಗಡದಲ್ಲಿ ಅಗಸಿ ಮುಚ್ಚಿದವರು ಮರಾಠಿ ನುಡಿದಿರಬಹುದು, ರಾಯಣ್ಣ ಕನ್ನಡ ನುಡಿದನು, ನೋವಿನಲ್ಲಿ ಭೇದವೇನಿತ್ತು? ಆದರೂ ರಾಯಣ್ಣನಿಗೆ ಲಾವಣಿಯೂ ಪ್ರತಿಮೆಯೂ ದೊರೆತುವು, ಗಡಕರಿಗಳಿಗೆ ಗಡಿಯ ಈಚೆಗಂತೂ ಒಂದು ಫಲಕವೂ ಇಲ್ಲ.

ಅರಸನೇ ಗಡಕ್ಕೆ ಒಡೆಯನಾಗಿ, ಅರಸನೇ ಹೋರಾಡಲು ನಿಶ್ಚಯಿಸಿದ ನಿದರ್ಶನ ಬೇಕೆನ್ನುವವರು ನರಗುಂದವನ್ನು ನೋಡಬೇಕು. ಆ ಗುಡ್ಡದ ಕಡಿದಾದ ಮೈಯನ್ನು ಕಂಡವರಿಗೆ ಅದು ಅಭೇದ್ಯವೆಂದೇ ತೋರುತ್ತದೆ. 1785ರಲ್ಲಿ ಟೀಪುವಿನ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ್ದು ಅದೇ ಗಡ. 1858ರಲ್ಲಿ ಅದರ ಒಡೆಯನಾಗಿದ್ದ ಭಾಸ್ಕರರಾವ, ಬಾಬಾಸಾಹೇಬನೆಂದು ಜನಜನಿತನಾದವನು, ಗ್ರಂಥಸಂಗ್ರಹದಲ್ಲಿ ಆಸಕ್ತಿಯಿದ್ದ ವಿದ್ಯಾಪಕ್ಷಪಾತಿ. ದತ್ತು ತೆಗೆದುಕೊಳ್ಳಲು ಸರಕಾರ ಒಪ್ಪದೆ ಹೋದುದರಿಂದ ತನ್ನ ಮನೆತನವೇ ಅಳಿಯುವುದೆಂಬ ದುಃಖ ಒಂದು ಕಡೆ. ಭಾರದ ತೋಪುಗಳನ್ನೂ ಮದ್ದನ್ನೂ ಧಾರವಾಡಕ್ಕೆ ಕಳುಹಿಸೆಂಬ ಆಜ್ಞೆ ಮತ್ತೊಂದು ಕಡೆ. ಮೇ ತಿಂಗಳ ಕೊನೆಯಲ್ಲಿ ಸುರೇಬಾನದಲ್ಲಿ ಬಿಡಾರ ಮಾಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನು ರಾತ್ರಿ ಹತನಾದನು. ಅದಾದ ಕೆಲವೇ ದಿನಗಳಲ್ಲಿ, ಜೂನ್ 2ರ ಹೊತ್ತಿಗೆ, ನರಗುಂದವು ಕಂಪನಿಯ ದಂಡಿನ ವಶವಾಗಿತ್ತು. ತೊರಗಲ್ಲಿನ ಕಾಡಿನಲ್ಲಿ ಯಾತ್ರಿಕನ ವೇಷದಲ್ಲಿದ್ದ ಭಾಸ್ಕರರಾವನನ್ನು ಸೌಟರನೆಂಬ ಪೊಲೀಸು ಅಧಿಕಾರಿ ಹಿಡಿದನು. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಾಯಿತು. ಗುಡ್ಡ ಅದೇ, ಗೋಡೆ ಅದೇ. ಎಪ್ಪತ್ತಮೂರು ವರ್ಷಗಳ ಹಿಂದೆ ತಿಂಗಳುಗಟ್ಟಲೆ ನಿಂತ ದುರ್ಗ ಈಗ ಒಂದು ದಿನವೂ ನಿಲ್ಲಲಿಲ್ಲವೆಂದರೆ, ನಿಲ್ಲಿಸತಕ್ಕ ಜನಬಲವೂ ಮದ್ದಿನ ಬಲವೂ ಅಲ್ಲಿ ಉಳಿದಿರಲಿಲ್ಲವೆಂದೇ ಅರ್ಥ. ಅರಸನ ಶೌರ್ಯಕ್ಕೆ ಇದರಿಂದ ಕುಂದಿಲ್ಲ. ಶೌರ್ಯವೊಂದೇ ಕೋಟೆಯನ್ನು ಕಾಯಲಾರದು.

ಈಗಿನ ಕಾಲಕ್ಕೆ ಬರೋಣ. ಬೆಳಗಾವಿಗೆ ಸಮೀಪದ ಯಳ್ಳೂರಿನ ರಾಜಹಂಸಗಡದ ಮೇಲೆ ಶಿವಾಜಿ ಮಹಾರಾಜರ ಪ್ರತಿಮೆಯನ್ನು ನಿಲ್ಲಿಸಿ, ವಿಧಾನಸಭೆಯ ಚುನಾವಣೆ ಹೊಸ್ತಿಲಲ್ಲಿದ್ದ 2023ರ ಮಾರ್ಚಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಒಂದೇ ಪ್ರತಿಮೆಯನ್ನು ಎರಡು ಬಾರಿ ಅನಾವರಣ ಮಾಡಿದರು. ಆಳುವ ಪಕ್ಷದ್ದು ಒಂದು, ವಿರೋಧ ಪಕ್ಷದ್ದು ಇನ್ನೊಂದು. ಗಡದ ಇತಿಹಾಸದಲ್ಲಿ ಎಷ್ಟು ಮುತ್ತಿಗೆಗಳಾಗಿದ್ದುವೊ, ಇಷ್ಟು ರಕ್ತಪಾತರಹಿತವಾದ ಮುತ್ತಿಗೆ ಎಂದೂ ಆಗಿರಲಾರದು. ಶಿವಾಜಿ ಮಹಾರಾಜರ ವಿಷಯದಲ್ಲಿ ಈ ಸೀಮೆಯ ಜನಕ್ಕಿರುವ ಗೌರವವು ಕನ್ನಡ ಮರಾಠಿಗಳ ಭೇದವನ್ನು ಅರಿಯದು. ಆ ಗೌರವದ ಮೇಲೆ ನನಗೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು, ಗಡಿಯ ವಿವಾದಕ್ಕೆ ಗಡಗಳನ್ನು ಸಾಕ್ಷಿಗಟ್ಟೆಗೆ ಎಳೆತರುವ ಪದ್ಧತಿಯ ಮೇಲೆ. ಮರಾಠರ ಗಡವಾದ್ದರಿಂದ ನೆಲ ನಮ್ಮದೆಂದು ಒಬ್ಬರು, ರಟ್ಟರ ಸೀಮೆಯಾದ್ದರಿಂದ ನಮ್ಮದೆಂದು ಇನ್ನೊಬ್ಬರು. ಈ ತರ್ಕವನ್ನು ಕಡೆಯವರೆಗೂ ಎಳೆದರೆ ಗೋಕಾಕದ ಮೇಲೆ ಸವಣೂರಿನವರೂ ಹುಕ್ಕೇರಿಯ ಮೇಲೆ ಬಿಜಾಪುರದವರೂ ದಾವೆ ಹೂಡಬೇಕಾದೀತು. ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟ ಮೇಲೂ ಮುಗಿಯದ ವ್ಯಾಜ್ಯವನ್ನು ಬುರುಜಿನ ಕಲ್ಲುಗಳು ಮುಗಿಸಲಾರವು.

2025ರ ಜುಲೈಯಲ್ಲಿ ಯುನೆಸ್ಕೊ ಸಂಸ್ಥೆಯು ಮರಾಠರ ಸೈನಿಕ ದುರ್ಗಗಳಲ್ಲಿ ಹನ್ನೆರಡನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹನ್ನೊಂದು ಮಹಾರಾಷ್ಟ್ರದವು, ಪನ್ಹಾಳವೂ ಅವುಗಳಲ್ಲೊಂದು. ಮತ್ತೊಂದು ತಮಿಳುನಾಡಿನ ಜಿಂಜಿ. ಕರ್ನಾಟಕದ್ದು ಒಂದೂ ಇಲ್ಲವೆಂದು ಕೆಲವರಿಗೆ ಅಸಮಾಧಾನ. ನನಗೆ ಆ ಅಸಮಾಧಾನವಿಲ್ಲ. ಪಟ್ಟಿಗೆ ಸೇರಿದ ಗಡಗಳ ವೈಶಿಷ್ಟ್ಯವು ಒಂದೊಂದರ ವೈಭವದಲ್ಲಿರದೆ, ಬೆಟ್ಟ, ಕಡಲು, ಬಯಲುಗಳನ್ನು ಹೆಣೆದ ಸರಣಿಯಾಗಿ ಅವು ಕೆಲಸ ಮಾಡಿದ ರೀತಿಯಲ್ಲಿದೆ. ಅಂಥ ಸರಣಿಯಲ್ಲಿ ಪನ್ಹಾಳದಂತಹ ದೊಡ್ಡ ಗಡವು ದೊಡ್ಡದಾದುದೇ ವಲ್ಲಭಗಡ, ಸಾಮಾನಗಡಗಳಂತಹ ಸಣ್ಣವು ದಾರಿ ಕಾದುದರಿಂದ. ಬಿರುದು ದೊಡ್ಡವಕ್ಕೇ ಇರಲಿ. ಸಣ್ಣ ಗಡಕ್ಕೆ ಬೇಕಾದುದು ಬಿರುದಲ್ಲ, ಕೇಡು ಮಾಡದ ಆರೈಕೆ.

ಕೇಡು ಮಾಡದ ಎಂದು ಒತ್ತಿ ಹೇಳಲು ಕಾರಣ, ‘ಅಭಿವೃದ್ಧಿ’ಯ ಹೆಸರಿನಲ್ಲಿ ಹಳೆಯ ಗೋಡೆಗಳಿಗೆ ಸಿಮೆಂಟು ಮೆತ್ತುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಗಚ್ಚಿನ ಗೋಡೆಯು ಮಳೆಗಾಲದಲ್ಲಿ ಕುಡಿದ ತೇವವನ್ನು ಬೇಸಗೆಯಲ್ಲಿ ಗಚ್ಚಿನ ಸಂದಿಗಳ ಮೂಲಕವೇ ಹೊರಹಾಕುತ್ತದೆ. ಸಂದಿಗೆ ಸಿಮೆಂಟು ತುಂಬಿದರೆ ತೇವವು ಕಲ್ಲಿನೊಳಗೇ ಸಿಕ್ಕಿಬಿದ್ದು, ಕಲ್ಲಿನ ಮುಖವೇ ಹಕ್ಕಳೆಯಾಗಿ ಉದುರುತ್ತದೆ. ಗುತ್ತಿಗೆದಾರನಿಗೆ ಇದು ತಿಳಿಯದಿದ್ದರೆ ಆಶ್ಚರ್ಯವಿಲ್ಲ, ಅಂದಾಜುಪಟ್ಟಿಗೆ ರುಜು ಹಾಕುವವನಿಗೂ ತಿಳಿಯದಿರುವುದು ವಿಷಾದದ ಸಂಗತಿ. ಗಡದ ತಪ್ಪಲಿನವರು ರಸ್ತೆ ಕೇಳುತ್ತಾರೆ, ಕುಡಿಯುವ ನೀರು ಕೇಳುತ್ತಾರೆ, ಬಂದವರಿಂದ ನಾಲ್ಕು ಕಾಸು ಸಿಕ್ಕಲೆಂದು ಬಯಸುತ್ತಾರೆ, ಇವೆಲ್ಲ ನ್ಯಾಯವೇ. ರಸ್ತೆಯು ಅಗಸಿಯ ಹೊರಗೆ ನಿಲ್ಲಲಿ. ಒಳಗೆ ಮೊದಲು ಬಾವಿಯ ಹೂಳು ತೆಗೆಯಲಿ. ಆ ಹೂಳನ್ನು ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆ ಹೊಡೆಯದೆ, ಪುರಾತತ್ತ್ವ ಇಲಾಖೆಯವರು ಜರಡಿ ಹಿಡಿದು ನೋಡಲಿ. ನೂರಾರು ವರ್ಷಗಳ ಬಾಳಿನಲ್ಲಿ ಬಾವಿಗೆ ಬೀಳದ ವಸ್ತುವಿಲ್ಲ. ಫಲಕ ಹಾಕುವುದಾದರೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದೇ ಸಂಗತಿಯನ್ನು ಬರೆಯಲಿ. ಎರಡು ಭಾಷೆಗಳಲ್ಲಿ ಎರಡು ಚರಿತ್ರೆ ಬೇಡ.

ಇವೆಲ್ಲಕ್ಕಿಂತಲೂ ಅವಸರದ ಕೆಲಸವೊಂದು ಗ್ರಂಥಾಲಯಗಳಲ್ಲಿಯೂ ವಾಡೆಗಳ ಅಟ್ಟದಲ್ಲಿಯೂ ಇದೆ. ಗಡಕರಿಗಳ ಹೆಸರುಗಳು ಎಲ್ಲಿಯೂ ಉಳಿದಿಲ್ಲವೆಂದು ಭಾವಿಸುವುದು ತಪ್ಪು. ಸಂಬಳದ ಹಾಜರಿಪಟ್ಟಿ, ಉಂಬಳಿಯ ಸನದು, ಉಗ್ರಾಣದ ಜಮಾಖರ್ಚು ಇವುಗಳನ್ನು ಬರೆಯದೆ ಮರಾಠರ ಆಡಳಿತ ಒಂದು ದಿನವೂ ನಡೆಯುತ್ತಿರಲಿಲ್ಲ. ಅವು ಮರಾಠಿಯ ಹಳೆಯ ಬರಹವಾದ ಮೋಡಿಲಿಪಿಯಲ್ಲಿವೆ. ಪುಣೆಯ ಪೇಶ್ವೆ ದಫ್ತರದಲ್ಲಿ, ಕೊಲ್ಲಾಪುರದ ಪುರಾಭಿಲೇಖಾಗಾರದಲ್ಲಿ ಕಾಗದಗಳ ರುಮಾಲುಗಳು ರಾಶಿ ರಾಶಿಯಾಗಿವೆ. ನಮ್ಮ ಹುಕ್ಕೇರಿ, ಗೋಕಾಕ, ಚಿಕ್ಕೋಡಿ ಸೀಮೆಯ ದೇಸಾಯಿ, ದೇಶಪಾಂಡೆ, ಕುಲಕರ್ಣಿ ಮನೆಗಳಲ್ಲಿಯೂ ಸಣ್ಣ ಗಂಟುಗಳಾಗಿವೆ. ಮನೆಯಲ್ಲಿ ಅಚ್ಚ ಕನ್ನಡವಾಡುತ್ತಿದ್ದವರೂ ದಫ್ತರದಲ್ಲಿ ಮೋಡಿಯನ್ನೇ ಬರೆಯುತ್ತಿದ್ದರು. ಡೆಪ್ಯೂಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯಬೇಕಾಗಿ ಬಂದುದು ಈ ಸ್ಥಿತಿಯಿಂದಲೇ. ಅಂದು ಮರಾಠಿಯ ಭಾರವನ್ನು ಇಳಿಸಿಕೊಳ್ಳಬೇಕಾಗಿತ್ತು, ಇಳಿಸಿಕೊಂಡದ್ದು ಸರಿಯಾಯಿತು. ಆದರೆ ಅದರೊಡನೆಯೇ, ನಮ್ಮ ಮನೆಯ ಕಾಗದವನ್ನು ನಾವೇ ಓದಲಾರದ ಸ್ಥಿತಿಯೂ ಬಂದಿತು. ಇಂದು ಮೋಡಿಯನ್ನು ಸರಾಗವಾಗಿ ಓದಬಲ್ಲವರು ನಮ್ಮ ಜಿಲ್ಲೆಯಲ್ಲಿ ವಿರಳ, ಇದ್ದವರೂ ಬಹುತೇಕ ವಯೋವೃದ್ಧರು. ಗಂಟನ್ನು ಗೆದ್ದಲು ತಿಂದಮೇಲೆ, ಇಲ್ಲವೆ ವಾಡೆ ಕೆಡವಿ ಆರ್.ಸಿ.ಸಿ. ಮನೆ ಕಟ್ಟುವಾಗ ಹಳೆಯ ಕಾಗದವೆಂದು ಒಲೆಗೆ ಹಾಕಿದಮೇಲೆ, ಯಾವ ಇಲಾಖೆಯೂ ಅದನ್ನು ಜೀರ್ಣೋದ್ಧಾರ ಮಾಡಲಾರದು.

ಬೆಳಗಾವಿಯಲ್ಲಿ ರಾಣಿ ಚನ್ನಮ್ಮನ ಹೆಸರಿನ ವಿಶ್ವವಿದ್ಯಾಲಯವಿದೆ. ಅಲ್ಲಿ ಇತಿಹಾಸ ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಮೋಡಿಯ ಒಂದು ವರ್ಷದ ಪಾಠವನ್ನು ಕಡ್ಡಾಯ ಮಾಡಿ, ಕಲಿತವನಿಗೆ ತನ್ನ ತಾಲೂಕಿನ ಒಂದು ಗಂಟನ್ನು ಓದಿ ಕನ್ನಡಕ್ಕೆ ಇಳಿಸುವ ಕೆಲಸ ಕೊಟ್ಟರೆ, ಗುಡ್ಡದ ಮೇಲೆ ಪ್ರತಿಮೆಯೊಂದರ ಪೀಠಕ್ಕೆ ತಗಲುವ ವೆಚ್ಚದಲ್ಲಿ ಹಲವು ವರ್ಷಗಳ ಕಾರ್ಯ ನಡೆದೀತು. ಹುಕ್ಕೇರಿಯ ಹುಡುಗನೊಬ್ಬನು ವಲ್ಲಭಗಡದ ಹಾಜರಿಪಟ್ಟಿಯನ್ನು ಬಿಡಿಸಿ ಓದುವಾಗ, ಅದರಲ್ಲಿ ಹರಗಾಪುರದ ಈಗಿನ ಅಡ್ಡಹೆಸರುಗಳೇ ಸಿಕ್ಕಿದರೂ ಸಿಕ್ಕಬಹುದು. ಆಗ ಗಡದ ಫಲಕದ ಮೇಲೆ ಯಾರ ಹೆಸರನ್ನು ಬರೆಯಬೇಕೆಂಬ ಚರ್ಚೆಯನ್ನು ಆ ಊರಿನವರೇ ನಡೆಸಿಕೊಳ್ಳಲಿ.